ಸರಾಸರಿ ಹೇಳದ ಸಂಗತಿ: ಒಂದು ಚೊಚ್ಚಲ ಹೆರಿಗೆಯಲ್ಲಿ ನೋವಿನ ಅಂತರದ ಲೆಕ್ಕ

ಇಲ್ಲಿ ವಿವರಿಸುವ ಪ್ರಕರಣ ಯಾವೊಬ್ಬ ನಿರ್ದಿಷ್ಟ ವ್ಯಕ್ತಿಯದೂ ಅಲ್ಲ. ಚೊಚ್ಚಲ ಹೆರಿಗೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬ ಗರ್ಭಿಣಿಯ ಎರಡು ರಾತ್ರಿ ಮತ್ತು ನಡುವಿನ ಒಂದು ಹಗಲಿನೊಳಗೆ ಸೇರಿಸಿ ಕಟ್ಟಿದ ಮಾದರಿ ಇದು. ಆಕೆಗೆ 28 ವರ್ಷ. ಮೊದಲ ಬಸಿರು, 39 ವಾರ 4 ದಿನ ತುಂಬಿವೆ. ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ ಸರಿಯಾಗಿವೆ, ಮಗುವಿನ ತಲೆ ಕೆಳಗಿದೆ, ಮಾಸು ಗರ್ಭಕೋಶದ ಬಾಯಿಂದ ದೂರವಿದೆ. ಮನೆಯಿಂದ ಆಸ್ಪತ್ರೆಗೆ ವಾಹನದಲ್ಲಿ ಅರ್ಧ ಗಂಟೆಯ ದಾರಿ. ಈ ವಿವರಗಳನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ಇವುಗಳಲ್ಲಿ ಯಾವುದೊಂದು ಬೇರೆಯಾಗಿದ್ದರೂ ಮುಂದೆ ಬರುವ ಗಡಿಯಾರದ ಲೆಕ್ಕ ಇದೇ ರೀತಿಯಲ್ಲಿ ಅನ್ವಯಿಸುತ್ತಿರಲಿಲ್ಲ.

ಗರ್ಭಿಣಿಯರ ತಪಾಸಣೆಯ ಸಮಯದಲ್ಲಿ ದಂಪತಿಗೆ ಹೇಳಿಕೊಟ್ಟಿದ್ದ ಸೂತ್ರ ಹಲವೆಡೆ ಬಳಕೆಯಲ್ಲಿರುವ 5-1-1. ನೋವು 5 ನಿಮಿಷಕ್ಕೊಮ್ಮೆ ಬರುತ್ತಿರಬೇಕು, ಒಂದೊಂದು ನೋವೂ ಸುಮಾರು 1 ನಿಮಿಷ ನಿಲ್ಲಬೇಕು, ಈ ಕ್ರಮ ತಪ್ಪದೆ 1 ಗಂಟೆ ನಡೆದಿರಬೇಕು. ಆಗ ಆಸ್ಪತ್ರೆಗೆ ಹೊರಡಬೇಕು. ಕೆಲವರು ಇದನ್ನೇ 4-1-1 ಎಂದೋ 3-1-1 ಎಂದೋ ಬಿಗಿಗೊಳಿಸಿ ಹೇಳುತ್ತಾರೆ. ತೊಡಕಿಲ್ಲದ ಮೊದಲ ಹೆರಿಗೆಗೆ ಇದೊಂದು ಅಂದಾಜಿನ ಅಳತೆ ಅಷ್ಟೆ. ಸೂತ್ರದ ದೋಷ ಅದರ ಒಳಗಿರುವುದಕ್ಕಿಂತ ಅದು ನೆನಪಿನಲ್ಲಿ ಉಳಿಯುವ ರೀತಿಯಲ್ಲಿದೆ: ಮೂರು ಅಂಕಿಗಳಲ್ಲಿ ಮೊದಲನೆಯದು ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತದೆ, ಉಳಿದೆರಡು ನೋವಿನ ಗಡಿಬಿಡಿಯಲ್ಲಿ ಮರೆತುಹೋಗುತ್ತವೆ. ಈ ಪ್ರಕರಣದ ಮೊದಲ ರಾತ್ರಿ ಆದದ್ದೂ ಅದೇ.

ಮೊದಲ ಸಂಜೆ

ಸಂಜೆ 6:30ರ ಸುಮಾರಿಗೆ ಆಕೆಗೆ ಹೊಟ್ಟೆ ಬಿಗಿಯತೊಡಗಿತು. ಬಿಗಿತ 20ರಿಂದ 30 ಸೆಕೆಂಡು ಇದ್ದು ಸಡಿಲವಾಗುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಅಂತರ 20 ನಿಮಿಷ, ಬಳಿಕ 12, ಬಳಿಕ 25, ಮತ್ತೆ 9. ಯಾವ ಕ್ರಮವೂ ಇರಲಿಲ್ಲ. ಹೊಟ್ಟೆಯ ಮುಂಭಾಗದಲ್ಲಿ ಮಾತ್ರ ಬಿಗಿದಂತಾಗುತ್ತಿತ್ತೇ ಹೊರತು ಸೊಂಟಕ್ಕೆ ಹರಡುತ್ತಿರಲಿಲ್ಲ. ಆಕೆ ಎರಡು ಲೋಟ ನೀರು ಕುಡಿದು, ಮೂತ್ರ ವಿಸರ್ಜಿಸಿ, ಸ್ವಲ್ಪ ಹೊತ್ತು ಓಡಾಡಿ, ಆಮೇಲೆ ಎಡ ಮಗ್ಗುಲಿಗೆ ಮಲಗಿದರು. 8:30ರ ಹೊತ್ತಿಗೆ ಬಿಗಿತ ನಿಂತೇ ಹೋಯಿತು.

ಇಂತಹ ಬಿಗಿತಗಳನ್ನು ಆಂಗ್ಲ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ 1872ರಲ್ಲಿ ವಿವರಿಸಿದ್ದರಿಂದ ಅವರ ಹೆಸರೇ ಇವಕ್ಕೆ ಉಳಿದುಕೊಂಡಿದೆ. ಮನೆಮಾತಿನಲ್ಲಿ ಇವು ಸುಳ್ಳು ನೋವು. ಸುಳ್ಳು ಎಂದರೂ ಗರ್ಭಕೋಶದ ಸ್ನಾಯು ನಿಜವಾಗಿಯೇ ಬಿಗಿಯುತ್ತಿರುತ್ತದೆ. ಭಂಗಿ ಬದಲಿಸಿದಾಗ, ನೀರು ಕುಡಿದಾಗ, ವಿಶ್ರಾಂತಿ ಪಡೆದಾಗ ತಗ್ಗಿಹೋಗುವುದು, ಹೊತ್ತು ಕಳೆದಂತೆ ಅಂತರ ಕಿರಿದಾಗದಿರುವುದು ಮತ್ತು ನೋವು ಬಲಿಯದಿರುವುದು ಇವುಗಳ ಗುರುತು. ಹೆರಿಗೆ ನೋವಾದರೆ ಏನು ಮಾಡಿದರೂ ನಿಲ್ಲದೆ ಮುಂದುವರಿಯುತ್ತದೆ. ಆ ಸಂಜೆ ದಂಪತಿ ಗಡಿಯಾರ ನೋಡುವುದಕ್ಕಿಂತ ಮೊದಲು ನೀರು, ನಡಿಗೆ, ವಿಶ್ರಾಂತಿ ಇವುಗಳನ್ನು ಪ್ರಯೋಗಿಸಿ ನೋಡಿದ್ದು ಸರಿಯಾದ ಕ್ರಮವೇ ಆಗಿತ್ತು.

ನಡುರಾತ್ರಿಯ ಲೆಕ್ಕ

ರಾತ್ರಿ 11:40ಕ್ಕೆ ಆಕೆಗೆ ಎಚ್ಚರವಾಯಿತು. ಈ ಬಾರಿ ನೋವು ಸೊಂಟದ ಹಿಂಭಾಗದಲ್ಲಿ ಹುಟ್ಟಿ ಕಿಬ್ಬೊಟ್ಟೆಗೆ ಸುತ್ತಿ ಬರುತ್ತಿತ್ತು. ಮಲಗಿದರೂ ನಿಲ್ಲಲಿಲ್ಲ, ಎದ್ದು ನಡೆದರೂ ನಿಲ್ಲಲಿಲ್ಲ. ಶೌಚಾಲಯಕ್ಕೆ ಹೋದಾಗ ನಸುಗೆಂಪು ಎಳೆಗಳಿದ್ದ ಲೋಳೆ ಕಂಡಿತು. ಗರ್ಭಕೋಶದ ಬಾಯಿ ಮೆತ್ತಗಾಗತೊಡಗಿದಾಗ ಅದನ್ನು ಮುಚ್ಚಿಕೊಂಡಿದ್ದ ಲೋಳೆ ಹೀಗೆ ಹೊರಬರುತ್ತದೆ. ಇದಾದ ಮೇಲೆ ಹೆರಿಗೆಗೆ ಕೆಲವು ಗಂಟೆಗಳೂ ಆಗಬಹುದು, ಕೆಲವು ದಿನಗಳೂ ಆಗಬಹುದು. ಪತಿ ಮೊಬೈಲಿನಲ್ಲಿ ನೋವಿನ ಸಮಯ ದಾಖಲಿಸುವ ಆ್ಯಪ್ ತೆರೆದು, ನೋವು ಬಂದಾಗಲೆಲ್ಲ ಗುಂಡಿ ಒತ್ತತೊಡಗಿದರು.

ಅವರ ದಾಖಲೆಯ ಒಂದು ತುಣುಕನ್ನು ಗಮನಿಸೋಣ. 12:20:00ಕ್ಕೆ ನೋವು ಶುರುವಾಗಿ 50 ಸೆಕೆಂಡು ಇತ್ತು. 12:22:30ಕ್ಕೆ ಇನ್ನೊಂದು ಶುರುವಾಗಿ 25 ಸೆಕೆಂಡಿಗೆ ಮುಗಿಯಿತು. ಆಮೇಲೆ 12:29:30ರವರೆಗೆ ಏನೂ ಇಲ್ಲ. ಅಲ್ಲಿಗೆ ಮತ್ತೊಂದು ದೊಡ್ಡ ನೋವು, 50 ಸೆಕೆಂಡು. 12:32:00ಕ್ಕೆ ಚಿಕ್ಕದೊಂದು. ಹೀಗೆ ದೊಡ್ಡದರ ಬೆನ್ನಿಗೇ ಚಿಕ್ಕದು ಬಂದು, ಬಳಿಕ ಉದ್ದನೆಯ ಬಿಡುವು ಸಿಗುತ್ತಿತ್ತು. ಅಂತರಗಳು ಎರಡೂವರೆ ನಿಮಿಷ, ಏಳು ನಿಮಿಷ, ಎರಡೂವರೆ, ಏಳು. ಆ್ಯಪ್ ಇವುಗಳನ್ನು ಕೂಡಿಸಿ ಭಾಗಿಸಿ ‘ಸರಾಸರಿ ಅಂತರ 4 ನಿಮಿಷ 45 ಸೆಕೆಂಡು’ ಎಂದು ತೋರಿಸಿ, ಆಸ್ಪತ್ರೆಗೆ ಹೊರಡುವ ಸಮಯವಾಗಿದೆ ಎಂಬ ಸೂಚನೆಯನ್ನೂ ಕೊಟ್ಟಿತು.

ಗಣಿತದಲ್ಲಿ ತಪ್ಪೇನೂ ಇಲ್ಲ. ಆದರೆ 4 ನಿಮಿಷ 45 ಸೆಕೆಂಡಿನ ಅಂತರದಲ್ಲಿ ಆ ರಾತ್ರಿ ಒಂದು ನೋವೂ ಬಂದಿರಲಿಲ್ಲ. ಬಂದದ್ದು ಒಂಬತ್ತೂವರೆ ನಿಮಿಷಕ್ಕೊಂದು ಬಲವಾದ ನೋವು, ಅದರ ಹಿಂದೆಯೇ ಒಂದು ದುರ್ಬಲವಾದ ಬಿಗಿತ. ಸರಾಸರಿಯ ಅವಧಿಯಾದರೂ ಎಷ್ಟು? 50 ಮತ್ತು 25 ಸೆಕೆಂಡಿನ ನಡುವೆ ಸುಮಾರು 37 ಸೆಕೆಂಡು. ಸೂತ್ರದ ಎರಡನೆಯ ಅಂಕಿ ಕೇಳುವ ಒಂದು ನಿಮಿಷಕ್ಕೆ ಅದು ಬಹಳ ಕಡಿಮೆ. ಮೂರನೆಯ ಅಂಕಿಯ ಮಾತಂತೂ ಬರಲೇ ಇಲ್ಲ, ಏಕೆಂದರೆ ಸೂಚನೆ ಬಂದಾಗ ದಾಖಲೆ ಶುರುವಾಗಿ ಮುಕ್ಕಾಲು ಗಂಟೆಯಷ್ಟೇ ಆಗಿತ್ತು.

ಅಳೆಯುವ ವಿಧಾನದ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅಂತರವೆಂದರೆ ಒಂದು ನೋವಿನ ಆರಂಭದಿಂದ ಮುಂದಿನ ನೋವಿನ ಆರಂಭದವರೆಗಿನ ಹೊತ್ತು. ನೋವು ನಿಂತ ಕ್ಷಣದಿಂದ ಎಣಿಸುವವರು ಬಹಳ ಮಂದಿ ಇದ್ದಾರೆ. ನಡುವಿನ ಬಿಡುವನ್ನೇ ಅಂತರವೆಂದು ಭಾವಿಸುವುದು ಸಹಜವೂ ಹೌದು. ಹಾಗೆ ಎಣಿಸಿದರೆ 6 ನಿಮಿಷಕ್ಕೊಮ್ಮೆ ಬರುವ ಒಂದು ನಿಮಿಷದ ನೋವು 5 ನಿಮಿಷಕ್ಕೊಮ್ಮೆ ಬರುವಂತೆ ಕಾಣುತ್ತದೆ. ಈ ಪತಿ ಆ ತಪ್ಪು ಮಾಡಲಿಲ್ಲ, ಆರಂಭದಿಂದ ಆರಂಭಕ್ಕೇ ಎಣಿಸಿದರು. ಅವಧಿಯೆಂದರೆ ಬಿಗಿತ ಏರತೊಡಗಿದ ಕ್ಷಣದಿಂದ ಪೂರ್ತಿ ಸಡಿಲವಾಗುವವರೆಗಿನ ಹೊತ್ತು. ಹೊಟ್ಟೆಯ ಮೇಲ್ಭಾಗದಲ್ಲಿ ಅಂಗೈಯನ್ನು ಮೆಲ್ಲನೆ ಇಟ್ಟರೆ, ಆಕೆ ನೋವೆಂದು ಹೇಳುವುದಕ್ಕೆ ಸ್ವಲ್ಪ ಮೊದಲೇ ಬಿಗಿತ ಕೈಗೆ ಸಿಗುತ್ತದೆ. ಬಲವನ್ನು ಅಂದಾಜು ಮಾಡಲು ಹೆರಿಗೆ ಮಾಡಿಸುವವರು ಒಂದು ಹಳೆಯ ಅಳತೆ ಬಳಸುತ್ತಾರೆ: ಒತ್ತಿದಾಗ ಮೂಗಿನ ತುದಿಯಷ್ಟು ಮೆತ್ತಗಿದ್ದರೆ ಸೌಮ್ಯ, ಗದ್ದದಷ್ಟಿದ್ದರೆ ಮಧ್ಯಮ, ಹಣೆಯಷ್ಟು ಗಟ್ಟಿಯಿದ್ದರೆ ಬಲವಾದದ್ದು. ಈ ಅಳತೆಯಲ್ಲಿ ನೋಡಿದ್ದರೆ ಆ ರಾತ್ರಿಯ ಎರಡನೆಯ ಬಿಗಿತ ಬಹುಶಃ ಮೂಗಿನ ತುದಿಯನ್ನು ದಾಟುತ್ತಿರಲಿಲ್ಲ, ಮತ್ತು ಅದನ್ನು ಲೆಕ್ಕದಿಂದ ಬಿಡುವ ಯೋಚನೆ ಬರುತ್ತಿತ್ತು.

1 ಗಂಟೆಗೆ ಪತಿ ಲೇಬರ್ ವಾರ್ಡಿಗೆ ಫೋನ್ ಮಾಡಿದರು. ಮಾತಾಡಿದ್ದು ಅವರೇ; ಹೇಳಿದ್ದು ಸರಾಸರಿಯ ಅಂಕಿಯನ್ನು. ಕರ್ತವ್ಯದಲ್ಲಿದ್ದ ನರ್ಸ್ ಬಂದು ತೋರಿಸಿಕೊಳ್ಳಿ ಎಂದರು. ಆ ಅಂಕಿಯೊಂದನ್ನೇ ಕೇಳಿದ ಯಾರಾದರೂ ಹಾಗೆಯೇ ಹೇಳುತ್ತಿದ್ದರು.

ಮೊದಲ ತಪಾಸಣೆ

ಆಸ್ಪತ್ರೆಯಲ್ಲಿ 2:10ಕ್ಕೆ ಪರೀಕ್ಷಿಸಿದಾಗ ಗರ್ಭಕೋಶದ ಬಾಯಿ 2 ಸೆಂಟಿಮೀಟರ್ ತೆರೆದಿತ್ತು, ಅರ್ಧದಷ್ಟು ತೆಳುವಾಗಿತ್ತು. ನೀರು ಒಡೆದಿರಲಿಲ್ಲ. ಮಗುವಿನ ತಲೆ ಕೆಳಮುಖವಾಗಿದ್ದರೂ ಇನ್ನೂ ಕೆಳಗಿಳಿದಿರಲಿಲ್ಲ. ಮುಖ ತಾಯಿಯ ಹೊಟ್ಟೆಯ ಕಡೆಗೂ ನೆತ್ತಿಯ ಹಿಂಭಾಗ ತಾಯಿಯ ಬೆನ್ನಿನ ಕಡೆಗೂ ಇದ್ದಂತೆ ಕೈಗೆ ತಿಳಿಯಿತು. ಮಗುವಿನ ಹೃದಯ ಬಡಿತ ನಿಮಿಷಕ್ಕೆ 140ರ ಆಸುಪಾಸು. ಸಹಜ ವ್ಯಾಪ್ತಿ 110ರಿಂದ 160. ತಾಯಿಯ ರಕ್ತದೊತ್ತಡ, ನಾಡಿ, ಜ್ವರ ಎಲ್ಲವೂ ಸರಿ.

ಮಗು ಹೀಗೆ ಬೆನ್ನಿಗೆ ಬೆನ್ನು ಕೊಟ್ಟು ಕೂತಾಗ ಸೊಂಟದಲ್ಲಿಯೇ ನೋವು ಕೇಂದ್ರೀಕರಿಸುವುದೂ, ನೋವುಗಳು ಜೋಡಿಯಾಗಿ ಬರುವುದೂ, ಆರಂಭದ ಘಟ್ಟ ಎಳೆದಾಡುವುದೂ ಹೆರಿಗೆ ಮಾಡಿಸುವವರಿಗೆ ಪರಿಚಿತ ಸಂಗತಿ. ಇಂತಹ ಮಕ್ಕಳಲ್ಲಿ ಹೆಚ್ಚಿನವು ಹೆರಿಗೆ ಮುಂದುವರಿದಂತೆ ತಾವೇ ತಿರುಗಿಕೊಳ್ಳುತ್ತವೆ. ಆದ್ದರಿಂದ ಆ ಹೊತ್ತಿಗೆ ಚಿಕಿತ್ಸೆಯ ಅಗತ್ಯವೇನೂ ಕಾಣಲಿಲ್ಲ. ಒಂದು ಗಂಟೆ ನೋಡಿಕೊಂಡು ಮತ್ತೊಮ್ಮೆ ಪರೀಕ್ಷಿಸಿದಾಗಲೂ ಬಾಯಿ 2 ಸೆಂಟಿಮೀಟರಿನಲ್ಲೇ ಇತ್ತು. 3:30ಕ್ಕೆ ಮನೆಗೆ ಕಳಿಸಿದರು.

ಹೀಗೆ ವಾಪಸು ಬಂದವರಿಗೆ ಅವಮಾನವಾದಂತೆ ಅನ್ನಿಸುವುದುಂಟು; ಸುತ್ತಲಿನವರ ಮಾತೂ ಅದಕ್ಕೆ ಸೇರಿಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಆ ರಾತ್ರಿಯ ಪ್ರಯಾಣ ವ್ಯರ್ಥವಲ್ಲ. ಮಗು ಸುರಕ್ಷಿತವಾಗಿದೆ ಎಂಬುದು ಖಚಿತವಾಯಿತು, ತಲೆ ಯಾವ ಕಡೆಗಿದೆ ಎಂದು ತಿಳಿಯಿತು, ಮುಂದಿನ ಪರೀಕ್ಷೆಗೆ ಹೋಲಿಸಿ ನೋಡಲು ಒಂದು ಆಧಾರ ಸಿಕ್ಕಿತು. ಆಸ್ಪತ್ರೆ ಕೂಡ ಎರಡು ಒಳ್ಳೆಯ ಕೆಲಸ ಮಾಡಿತು: ಸುಮ್ಮನೆ ದಾಖಲಿಸಿಕೊಂಡು ಮಂಚಕ್ಕೆ ಹಚ್ಚಲಿಲ್ಲ, ಮತ್ತು ಯಾವ ಯಾವ ಲಕ್ಷಣ ಕಂಡರೆ ಗಡಿಯಾರ ನೋಡದೆ ಕೂಡಲೇ ಬರಬೇಕೆಂಬುದನ್ನು ಕಾಗದದಲ್ಲಿ ಬರೆದುಕೊಟ್ಟಿತು. ಬಾಯಿ ತೆರೆಯುವ ಮೊದಲೇ ದಾಖಲಾದವರಲ್ಲಿ ನೋವು ಹೆಚ್ಚಿಸುವ ಔಷಧ ಮತ್ತು ಸಿಸೇರಿಯನ್ ಹೆಚ್ಚಾಗಿ ಕಂಡುಬರುತ್ತವೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಬೇಗ ದಾಖಲಾದದ್ದೇ ಅದಕ್ಕೆ ಕಾರಣವೋ, ಕಷ್ಟದ ಹೆರಿಗೆಯಿರುವವರೇ ಬೇಗ ಬರುತ್ತಾರೋ ಎಂದು ಬೇರ್ಪಡಿಸುವುದು ಕಷ್ಟ. ಆದರೂ ತಾಯಿಯೂ ಮಗುವೂ ಚೆನ್ನಾಗಿರುವಾಗ ಆರಂಭದ ಘಟ್ಟವನ್ನು ಮನೆಯಲ್ಲಿ ಕಳೆಯುವುದಕ್ಕೆ ಅದು ಸಾಕಷ್ಟು ಸಮರ್ಥನೆ.

ಬಿಗಿತ ಒಳಗೆ ಮಾಡುವ ಕೆಲಸ

ಎರಡನೆಯ ದಿನವನ್ನು ಅರ್ಥಮಾಡಿಕೊಳ್ಳಬೇಕಾದರೆ ಒಂದು ಒಳ್ಳೆಯ ನೋವು ಗರ್ಭಕೋಶದಲ್ಲಿ ಏನು ಮಾಡುತ್ತದೆ ಎಂಬುದನ್ನು ತಿಳಿಯಬೇಕು. ಹೆರಿಗೆ ಹತ್ತಿರವಾದಂತೆ ಗರ್ಭಕೋಶದ ಸ್ನಾಯುಕೋಶಗಳ ನಡುವೆ ಸಂಪರ್ಕದ ಸೂಕ್ಷ್ಮ ದಾರಿಗಳು ಹೆಚ್ಚಾಗುತ್ತವೆ, ಆಕ್ಸಿಟೋಸಿನ್ ಹಾರ್ಮೋನಿಗೆ ಸ್ಪಂದಿಸುವ ಗ್ರಾಹಕಗಳೂ ಹೆಚ್ಚಾಗುತ್ತವೆ. ಇದರಿಂದಾಗಿ, ಅಲ್ಲಲ್ಲಿ ಬಿಡಿಬಿಡಿಯಾಗಿ ಬಿಗಿಯುತ್ತಿದ್ದ ಸ್ನಾಯು ಒಟ್ಟಾಗಿ, ಮೇಲಿನಿಂದ ಕೆಳಕ್ಕೆ ಅಲೆಯಂತೆ ಬಿಗಿಯಲು ಶಕ್ತವಾಗುತ್ತದೆ. ನೋವು ನಿಂತಾಗ ಸ್ನಾಯುವಿನ ಎಳೆಗಳು ಸಡಿಲವಾಗುತ್ತವೆ, ಆದರೆ ಮೊದಲಿನ ಉದ್ದಕ್ಕೆ ಪೂರ್ತಿ ಮರಳುವುದಿಲ್ಲ. ಪ್ರತಿ ಸಲ ಒಂದಿಷ್ಟು ಗಿಡ್ಡವಾಗಿಯೇ ಉಳಿಯುತ್ತವೆ. ಹೀಗೆ ಗರ್ಭಕೋಶದ ಮೇಲ್ಭಾಗ ದಪ್ಪವಾಗುತ್ತಾ, ಕೆಳಭಾಗ ತೆಳುವಾಗಿ ಮೇಲಕ್ಕೆ ಸೆಳೆಯಲ್ಪಡುತ್ತಾ, ಬಾಯಿ ಮೊದಲು ತೆಳುವಾಗಿ ಬಳಿಕ ತೆರೆದುಕೊಳ್ಳುತ್ತದೆ. ಮೊದಲ ಹೆರಿಗೆಯಲ್ಲಿ ತೆಳುವಾಗುವ ಕೆಲಸವೇ ಬಹಳ ಹೊತ್ತು ತೆಗೆದುಕೊಳ್ಳುವುದರಿಂದ, ಗಂಟೆಗಟ್ಟಲೆ ನೋವು ತಿಂದರೂ ಸೆಂಟಿಮೀಟರಿನ ಅಂಕಿ ಅಲುಗದಿರಬಹುದು. ಅಂಕಿ ಅಲುಗಲಿಲ್ಲವೆಂದರೆ ಕೆಲಸ ನಡೆದಿಲ್ಲವೆಂದು ಹೇಳಲಾಗದು.

ಅಂತರ ಅಗತ್ಯವಾಗಿರುವುದಕ್ಕೂ ಕಾರಣವಿದೆ. ಬಿಗಿತ ಏರಿದಾಗ ಗರ್ಭಕೋಶದ ಗೋಡೆಯಲ್ಲಿ ಹಾದುಹೋಗುವ ರಕ್ತನಾಳಗಳು ಒತ್ತಿ, ಮಾಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಸಡಿಲವಾದಾಗ ಅದು ಮರಳುತ್ತದೆ. ಮಗು ಚೇತರಿಸಿಕೊಳ್ಳುವುದು ಆ ಬಿಡುವಿನಲ್ಲಿ. ಆದ್ದರಿಂದಲೇ 10 ನಿಮಿಷಕ್ಕೆ 5ಕ್ಕಿಂತ ಹೆಚ್ಚು ನೋವು ಬರುತ್ತಿದ್ದರೆ ಲೇಬರ್ ವಾರ್ಡಿನವರು ಎಚ್ಚರಗೊಳ್ಳುತ್ತಾರೆ, ಮತ್ತು ನೋವಿನ ನಡುವೆ ಹೊಟ್ಟೆ ಮೆತ್ತಗಾಗುವುದೇ ಇಲ್ಲ ಎಂದರೆ ಅದನ್ನು ತುರ್ತು ಸ್ಥಿತಿಯೆಂದೇ ಪರಿಗಣಿಸುತ್ತಾರೆ. ಮಾಸು ಬೇರ್ಪಡುತ್ತಿರುವಾಗ ಹೀಗಾಗುವುದುಂಟು.

ಹಗಲು

ಬೆಳಗಿನ ಜಾವ 4:30ರಿಂದ 7 ಗಂಟೆಯವರೆಗೆ ಆಕೆ ನಿದ್ದೆ ಮಾಡಿದರು. ಎದ್ದಾಗ ನೋವು 15ರಿಂದ 20 ನಿಮಿಷಕ್ಕೆ ಇಳಿದಿತ್ತು. ಹೊತ್ತು ಏರಿದಂತೆ ನೋವು ಮಂದವಾಗುವುದು ಆರಂಭದ ಘಟ್ಟದಲ್ಲಿ ತೀರ ಸಾಮಾನ್ಯ; ಆದರೆ ರಾತ್ರಿಯಿಡೀ ನೋವುಂಡವರಿಗೆ ಅದು ಎಲ್ಲವೂ ನಿಂತೇಹೋಯಿತೆಂಬಂತೆ ತೋರುತ್ತದೆ. ದಂಪತಿ ಇಲ್ಲೊಂದು ತೀರ್ಮಾನಕ್ಕೆ ಬಂದರು: ಮಧ್ಯಾಹ್ನದವರೆಗೆ ಸಮಯ ಬರೆಯುವುದೇ ಬೇಡ. ಈ ಪ್ರಕರಣದಲ್ಲಿ ತೆಗೆದುಕೊಂಡ ಅತ್ಯುತ್ತಮ ತೀರ್ಮಾನ ಇದೇ ಎಂದು ನಾನು ಭಾವಿಸುತ್ತೇನೆ. ಪ್ರತಿ ನೋವನ್ನೂ ಗಂಟೆಗಟ್ಟಲೆ ಬರೆಯುತ್ತಾ ಕುಳಿತರೆ ಊಟ, ನೀರು, ನಿದ್ದೆ ಎಲ್ಲವೂ ಗಡಿಯಾರದ ಹಿಂದೆ ಬೀಳುತ್ತವೆ, ಮತ್ತು ನಿಜವಾಗಿ ಅಳೆಯಬೇಕಾದ ಹೊತ್ತು ಬರುವಷ್ಟರಲ್ಲಿ ಇಬ್ಬರೂ ದಣಿದಿರುತ್ತಾರೆ. ನೋವಿನ ಸ್ವರೂಪ ಬದಲಾದಂತೆ ಅನ್ನಿಸಿದಾಗ ಮಾತ್ರ ಅರ್ಧ ಗಂಟೆ ಬರೆದು, ಮತ್ತೆ ಬಿಟ್ಟುಬಿಡುವುದು ಸಾಕು.

ಆಕೆ ಮಿತವಾಗಿ ಉಂಡರು, ಬಿಸಿನೀರಿನ ಸ್ನಾನ ಮಾಡಿದರು, ಮಂಡಿ ಮತ್ತು ಅಂಗೈಗಳನ್ನು ಊರಿ ಸ್ವಲ್ಪ ಹೊತ್ತು ಇದ್ದರು. ಆ ಭಂಗಿಯಲ್ಲಿ ಸೊಂಟದ ನೋವಿಗೆ ಉಪಶಮನ ಸಿಕ್ಕಿತು. ಮಗುವಿನ ಮಿಸುಕಾಟ ಎಂದಿನಂತೆಯೇ ಇದೆಯೇ ಎಂಬುದನ್ನು ಗಮನಿಸುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ. ಹೆರಿಗೆಯ ಆರಂಭದಲ್ಲಿ ಮಗು ಅಲುಗುವುದು ಕಡಿಮೆಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದನ್ನು ನೆಚ್ಚಬಾರದು. ಮಿಸುಕಾಟ ತಗ್ಗಿದರೆ ನೋವಿನ ಅಂತರ ಎಷ್ಟೇ ಇರಲಿ, ಆಸ್ಪತ್ರೆಗೆ ಹೋಗಬೇಕು.

ಮಧ್ಯಾಹ್ನ 2:30ರಿಂದ 3ರವರೆಗೆ ಮೊದಲ ಬಾರಿ ಬರೆದಾಗ ಮೂರು ನೋವುಗಳು ಸಿಕ್ಕವು, ಒಂದೊಂದೂ 45 ಸೆಕೆಂಡಿನವು. 4:30ರಿಂದ 5ರವರೆಗೆ ಐದು. ಅವಧಿ 50ರಿಂದ 55 ಸೆಕೆಂಡು. ಜೋಡಿ ನೋವುಗಳು ಈಗ ಮಾಯವಾಗಿದ್ದವು. ಪತಿ ಈ ಸಲ ಆ್ಯಪ್ ಬಿಟ್ಟು ಕಾಗದದ ಮೇಲೆ ಬರೆಯುತ್ತಿದ್ದರು. ನೋವು ಶುರುವಾದ ಸಮಯ, ಅದು ಎಷ್ಟು ಸೆಕೆಂಡು ಇತ್ತು ಎಂಬುದರ ಜೊತೆಗೆ, ಆ ಹೊತ್ತಿನಲ್ಲಿ ಆಕೆ ಏನು ಮಾಡುತ್ತಿದ್ದರು ಎಂಬ ಮೂರನೆಯ ಅಂಕಣವೊಂದನ್ನು ಅವರು ಸೇರಿಸಿದ್ದರು. 2:40ರ ಮುಂದೆ ‘ಮಾತಾಡುತ್ತಲೇ ಇದ್ದಳು’ ಎಂದಿದೆ. 4:36ರ ಮುಂದೆ ‘ಮಾತು ನಿಲ್ಲಿಸಿದಳು, ಆಮೇಲೆ ಮುಂದುವರಿಸಿದಳು’ ಎಂದಿದೆ. 5:45ರ ಮುಂದೆ ‘ಗೋಡೆ ಹಿಡಿದು ನಿಂತಳು, ಕೇಳಿದ್ದಕ್ಕೆ ಉತ್ತರವಿಲ್ಲ’ ಎಂದಿದೆ. ಇಡೀ ದಾಖಲೆಯಲ್ಲಿ ವೈದ್ಯಕೀಯವಾಗಿ ಅತ್ಯಂತ ಉಪಯುಕ್ತವಾದ ಅಂಕಣ ಈ ಮೂರನೆಯದು. ನೋವಿನ ಬಲವನ್ನು ಮನೆಯ ಯಾವ ಉಪಕರಣವೂ ಅಳೆಯಲಾರದು. ಆಸ್ಪತ್ರೆಯಲ್ಲಿ ಹೊಟ್ಟೆಗೆ ಕಟ್ಟುವ ಪಟ್ಟಿಯ ಯಂತ್ರವೂ ನೋವು ಯಾವಾಗ ಬಂತು, ಯಾವಾಗ ಹೋಯಿತು ಎಂಬುದನ್ನು ತೋರಿಸಬಲ್ಲದೇ ಹೊರತು ಅದರ ನಿಜವಾದ ಬಲವನ್ನು ತೋರಿಸಲಾರದು.

5:20ರ ನಂತರ ಯಾವ ಅಂತರವೂ 5 ನಿಮಿಷ ಮೀರಲಿಲ್ಲ. 6ರಿಂದ 6:30ರವರೆಗಿನ ಅರ್ಧ ಗಂಟೆಯಲ್ಲಿ ಏಳು ನೋವುಗಳು ಬಂದವು, ಅವಧಿ 60 ಸೆಕೆಂಡು ಮುಟ್ಟಿತು. 6:30ಕ್ಕೆ ಮತ್ತೆ ಫೋನ್ ಮಾಡಿದಾಗ ಬೇರೊಬ್ಬ ನರ್ಸ್ ಕರ್ತವ್ಯದಲ್ಲಿದ್ದರು. ಪತಿ ಅಂಕಿಗಳನ್ನು ಹೇಳತೊಡಗಿದಾಗ ಅವರು ತಡೆದು, “ಸರ್, ಫೋನ್ ಅವರ ಕೈಗೇ ಕೊಡಿ” ಎಂದರು. ಆಕೆಯನ್ನು “ಎಲ್ಲಿ ನೋಯ್ತಾ ಇದೆಯಮ್ಮಾ, ನೀವೇ ಹೇಳಿ” ಎಂದು ಕೇಳಿದರು. ಆಕೆ ಎರಡನೆಯ ವಾಕ್ಯದ ನಡುವೆ ನಿಂತುಬಿಟ್ಟರು, ಉಸಿರಾಟವಷ್ಟೇ ಕೇಳಿಸಿತು. ನರ್ಸ್ ಅಷ್ಟು ಹೊತ್ತೂ ಮಾತಾಡದೆ ಕಾದು, ನೋವು ಇಳಿದ ಮೇಲೆ “ಈಗ ಹೊರಡಿ” ಎಂದರು. ಅನುಭವಸ್ಥರು ಫೋನಿನಲ್ಲಿ ಒಂದು ನೋವು ಪೂರ್ತಿ ಕೇಳಿಸಿಕೊಂಡು ತಿಳಿಯುವಷ್ಟನ್ನು ಒಂದು ಪುಟದ ಅಂಕಿಗಳು ಹೇಳುವುದು ಅಪರೂಪ.

6:40ಕ್ಕೆ, ಇನ್ನೂ ಮನೆಯಲ್ಲಿರುವಾಗಲೇ, ನೀರು ಒಡೆಯಿತು. ಸಮಯ ಬರೆದುಕೊಂಡು, ಬಣ್ಣ ತಿಳಿಯಲೆಂದು ಬಿಳಿಯ ಪ್ಯಾಡ್ ಹಾಕಿಕೊಂಡರು. ಬಣ್ಣವಿಲ್ಲದ, ದುರ್ವಾಸನೆಯಿಲ್ಲದ ನೀರು. ಹಸಿರು ಅಥವಾ ಕಂದು ಬಣ್ಣವಿದ್ದಿದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ ಎಂಬ ಸೂಚನೆಯಾಗುತ್ತಿತ್ತು, ಮತ್ತು ಅದನ್ನು ಫೋನಿನಲ್ಲಿಯೇ ತಿಳಿಸಬೇಕಾಗಿತ್ತು.

ಎರಡನೆಯ ರಾತ್ರಿ

7:40ಕ್ಕೆ ಪರೀಕ್ಷಿಸಿದಾಗ ಬಾಯಿ 6 ಸೆಂಟಿಮೀಟರ್ ತೆರೆದು ಪೂರ್ತಿ ತೆಳುವಾಗಿತ್ತು, ತಲೆ ಕೆಳಗಿಳಿದಿತ್ತು. ಅಲ್ಲಿಂದ ಮುಂದೆ ಲೆಕ್ಕದ ಭಾಷೆಯೇ ಬದಲಾಯಿತು. ಮನೆಯಲ್ಲಿ ಎಷ್ಟು ನಿಮಿಷಕ್ಕೊಮ್ಮೆ ಎಂದು ಕೇಳುತ್ತೇವೆ. ಲೇಬರ್ ವಾರ್ಡಿನಲ್ಲಿ 10 ನಿಮಿಷದಲ್ಲಿ ಎಷ್ಟು ಎಂದು ಎಣಿಸುತ್ತಾರೆ. ನರ್ಸ್ ಹೊಟ್ಟೆಯ ಮೇಲೆ ಕೈಯಿಟ್ಟು, ಗಡಿಯಾರ ನೋಡುತ್ತಾ 10 ನಿಮಿಷ ಕುಳಿತು, 3 ನೋವು, ಒಂದೊಂದೂ 55 ಸೆಕೆಂಡು ಎಂದು ದಾಖಲಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಹೆರಿಗೆ ಆರೈಕೆಯ ದಾಖಲೆ ಪತ್ರಿಕೆಯ ಪ್ರಕಾರ 10 ನಿಮಿಷಕ್ಕೆ 2 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ 5ಕ್ಕಿಂತ ಹೆಚ್ಚು ನೋವು ಬಂದರೆ ಗಮನ ಕೊಡಬೇಕು. ಆಕೆಯ ಅಂಕಿ ಈ ಎರಡರ ನಡುವೆ ನೆಮ್ಮದಿಯಾಗಿತ್ತು. 11:50ಕ್ಕೆ ಬಾಯಿ ಪೂರ್ತಿ, ಅಂದರೆ 10 ಸೆಂಟಿಮೀಟರ್ ತೆರೆದಿತ್ತು. ಮಗು ಅಷ್ಟರಲ್ಲಿ ತಾನೇ ತಿರುಗಿಕೊಂಡಿತ್ತು. ರಾತ್ರಿ 1:10ಕ್ಕೆ ಸಹಜ ಹೆರಿಗೆಯಾಯಿತು.

ಹೆರಿಗೆ ಶುರುವಾದದ್ದು ಯಾವಾಗ?

ದಾಖಲೆ ಬರೆಯುವವರಿಗೆ ಇಲ್ಲೊಂದು ನಿಜವಾದ ಸಮಸ್ಯೆಯಿದೆ. ನಿಲ್ಲದ ನೋವು ಶುರುವಾದ 11:40ರಿಂದ ಎಣಿಸಿದರೆ 6 ಸೆಂಟಿಮೀಟರ್ ಕಂಡ ಹೊತ್ತಿಗೆ ಸರಿಯಾಗಿ 20 ಗಂಟೆ ಆಗಿತ್ತು. ಮೊದಲ ಸಂಜೆ 6:30ರ ಬಿಗಿತದಿಂದ ಎಣಿಸಿದರೆ 25 ಗಂಟೆ ದಾಟುತ್ತದೆ. ಬೆಳಗಿನ ಇಳಿತದ ನಂತರ, ಮಧ್ಯಾಹ್ನ 2:30ರಿಂದ ಎಣಿಸುತ್ತೇನೆ ಎಂದು ಯಾರಾದರೂ ವಾದಿಸಿದರೆ 6 ಗಂಟೆಯೂ ಆಗುವುದಿಲ್ಲ. 1950ರ ದಶಕದಲ್ಲಿ ಎಮ್ಯಾನುಯೆಲ್ ಫ್ರೀಡ್‌ಮನ್ ಹೆರಿಗೆಯ ಗತಿಯನ್ನು ನಕ್ಷೆಗಿಳಿಸಿ ಅಧ್ಯಯನ ಮಾಡಿದವರು. ಮೊದಲ ಹೆರಿಗೆಯಲ್ಲಿ ಆರಂಭದ ಘಟ್ಟ 20 ಗಂಟೆ ಮೀರಿದರೆ, ಈಗಾಗಲೇ ಹೆತ್ತವರಲ್ಲಿ 14 ಗಂಟೆ ಮೀರಿದರೆ ಅದನ್ನು ದೀರ್ಘವೆಂದು ಕರೆಯುವ ರೂಢಿ ಅವರ ಕೆಲಸದಿಂದ ಬಂತು. ಆ ಗೆರೆಯನ್ನು ಅಕ್ಷರಶಃ ಹಿಡಿದರೆ ಈ ಒಂದೇ ಹೆರಿಗೆ ಎಣಿಕೆಯ ಆರಂಭಕ್ಕೆ ತಕ್ಕಂತೆ ಸಹಜವೂ ಆಗುತ್ತದೆ, ದೀರ್ಘವೂ ಆಗುತ್ತದೆ.

ಹೆರಿಗೆ ವೇಗ ಪಡೆಯುವ ಘಟ್ಟ ಎಲ್ಲಿಂದ ಶುರು ಎಂಬ ಗೆರೆಯೂ ಕಾಲಕ್ರಮದಲ್ಲಿ ಸರಿದಿದೆ. ಹಿಂದೆ ಅದು 3 ಅಥವಾ 4 ಸೆಂಟಿಮೀಟರ್ ಎಂದಿತ್ತು. 2014ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆಗಳು 6 ಸೆಂಟಿಮೀಟರ್ ಎಂದವು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 5 ಸೆಂಟಿಮೀಟರ್ ಎಂದಿತು. ಅದೇ 2018ರ ಶಿಫಾರಸುಗಳಲ್ಲಿ, ಆರಂಭದ ಘಟ್ಟಕ್ಕೆ ಇಷ್ಟೇ ಹೊತ್ತು ಎಂಬ ನಿಗದಿಯಾದ ಮಾನದಂಡವಿಲ್ಲ, ಅದು ಒಬ್ಬರಿಂದೊಬ್ಬರಿಗೆ ಬಹಳ ಬದಲಾಗುತ್ತದೆ ಎಂಬ ಮಾತಿದೆ. 5 ಸೆಂಟಿಮೀಟರಿನಿಂದ ಪೂರ್ತಿ ತೆರೆಯುವವರೆಗಿನ ಘಟ್ಟ ಮಾತ್ರ ಮೊದಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆ, ನಂತರದ ಹೆರಿಗೆಗಳಲ್ಲಿ 10 ಗಂಟೆ ಮೀರುವುದಿಲ್ಲ ಎಂದಿದೆ. ಹಳೆಯ ಗೆರೆಯಲ್ಲಿ ಅಳೆದು ‘ಹೆರಿಗೆ ಮುಂದುವರಿಯುತ್ತಿಲ್ಲ’ ಎಂಬ ನಿರ್ಧಾರಕ್ಕೆ ಬರುತ್ತಿದ್ದ ಹಲವು ಸಂದರ್ಭಗಳು ಹೊಸ ಗೆರೆಯಲ್ಲಿ ಇನ್ನೂ ಆರಂಭದ ಘಟ್ಟವೇ ಆಗಿರುತ್ತವೆ. ಈ ತಾಯಿಯ ಕಡತದಲ್ಲಿ ವೈದ್ಯರು ನೋವು ಶುರುವಾದ ಹೊತ್ತು 11:40 ಎಂದೂ, ವೇಗದ ಘಟ್ಟವನ್ನು ಗುರುತಿಸಿದ್ದು 7:40ಕ್ಕೆ ಎಂದೂ ಬೇರೆ ಬೇರೆಯಾಗಿಯೇ ಬರೆದರು. ಎರಡನ್ನೂ ಒಂದೇ ಅಂಕಿಯಾಗಿ ಕೂಡಿಸದಿದ್ದದ್ದು ಒಳ್ಳೆಯದಾಯಿತು.

ಸೂತ್ರ ಅನ್ವಯಿಸದ ಸಂದರ್ಭಗಳು

ಆಸ್ಪತ್ರೆ ಮೊದಲ ರಾತ್ರಿ ಬರೆದುಕೊಟ್ಟ ಕಾಗದದಲ್ಲಿದ್ದದ್ದು ಇಷ್ಟು: ನೀರು ಒಡೆದರೆ, ನೋವಿಲ್ಲದಿದ್ದರೂ ಬರಬೇಕು, ಲೋಳೆಯ ಎಳೆಗಳಿಗಿಂತ ಹೆಚ್ಚಾಗಿ ಕೆಂಪು ರಕ್ತ ಹೋದರೆ, ಮಗುವಿನ ಮಿಸುಕಾಟ ತಗ್ಗಿದರೆ, ಬಿಡುವಿಲ್ಲದ ನೋವಿದ್ದರೆ, ಜ್ವರ ಬಂದರೆ, ತೀವ್ರ ತಲೆನೋವು ಅಥವಾ ಕಣ್ಣು ಮಂಜಾಗುವುದು ಕಂಡರೆ ಕೂಡಲೇ ಹೊರಡಬೇಕು. ನೀರಿನ ಜೊತೆಗೆ ಹೊಕ್ಕುಳ ಬಳ್ಳಿ ಹೊರಗೆ ಕಂಡರೆ ಮಂಡಿಯೂರಿ, ಎದೆ ನೆಲಕ್ಕೆ ತಾಗುವಂತೆ ಬಾಗಿ, ಸೊಂಟ ಮೇಲೆತ್ತಿಕೊಂಡೇ ಆಂಬುಲೆನ್ಸ್ ಕರೆಸಬೇಕು. ಇಂತಹ ಯಾವ ಸ್ಥಿತಿಯಲ್ಲೂ ಅಂತರ ಅಳೆಯುತ್ತಾ ಕಾಯುವಂತಿಲ್ಲ.

37 ವಾರ ತುಂಬುವ ಮೊದಲು ಕ್ರಮವಾಗಿ ನೋವು ಬರತೊಡಗಿದರೂ ಇದೇ ಮಾತು. ಅಂತಹವರು 10 ನಿಮಿಷದ ಅಂತರವಿದ್ದಾಗಲೇ ಹೋಗಬೇಕು, 5 ನಿಮಿಷಕ್ಕೆ ಇಳಿಯಲೆಂದು ಕಾಯಬಾರದು. ಹಿಂದೆ ಸಿಸೇರಿಯನ್ ಆದವರು, ಅವಳಿ ಮಕ್ಕಳಿರುವವರು, ಮಗು ಅಡ್ಡಲಾಗಿ ಅಥವಾ ಕಾಲು ಕೆಳಗಾಗಿ ಇರುವವರು, ರಕ್ತದೊತ್ತಡದ ತೊಂದರೆಯಿರುವವರು ತಮ್ಮ ವೈದ್ಯರು ಹೇಳಿದ ಹೊತ್ತಿಗೆ ಹೊರಡಬೇಕೇ ಹೊರತು ಈ ಸೂತ್ರಕ್ಕೆ ಕಾಯಬಾರದು. ಆಸ್ಪತ್ರೆ ಒಂದೆರಡು ಗಂಟೆಯ ದಾರಿಯಾದರೆ ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಿಡುಗಡೆಯ ದಿನ ಈ ತಾಯಿಗೆ ಮುಂದಿನ ಹೆರಿಗೆಯ ಬಗ್ಗೆಯೂ ಒಂದು ಸೂಚನೆ ಕೊಟ್ಟರು. ಒಮ್ಮೆ ಹೆತ್ತವರಲ್ಲಿ ಗರ್ಭಕೋಶದ ಬಾಯಿ ತೆಳುವಾಗುವುದೂ ತೆರೆಯುವುದೂ ಒಟ್ಟೊಟ್ಟಿಗೆ ನಡೆಯುವುದರಿಂದ, ನೋವು ಕ್ರಮಕ್ಕೆ ಬಂದ ಮೇಲೆ ಹೆರಿಗೆ ಬಹಳ ಬೇಗ ಮುಗಿಯಬಹುದು. ಆದ್ದರಿಂದ ಆಗ 5-1-1ರ ಒಂದು ಗಂಟೆಯನ್ನು ಕಾಯದೆ, ನೋವು ಕ್ರಮವಾಗಿ ಬಲಿಯುತ್ತಿದೆ ಎಂದು ತಿಳಿದ ಕೂಡಲೇ ಫೋನ್ ಮಾಡಿ ಹೊರಡಬೇಕು, ಮತ್ತು ಫೋನಿನಲ್ಲಿ ಆಕೆಯೇ ಮಾತಾಡಬೇಕು.